ಹಿಮದ ಮೇಲೆ ನಮ್ಮ ಬಣ್ಣ

ಹಿಮ ಬೆಳ್ಳಗಿರುತ್ತದೆ ಎನ್ನುವುದು ಕ್ಯಾಮೆರಾಕ್ಕೆ ಗೊತ್ತಿಲ್ಲ. ಇಷ್ಟು ಸಣ್ಣ ವಿಷಯವನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದು ವರ್ಷ, ಹನ್ನೊಂದು ರೋಲ್ ಫಿಲ್ಮ್ ಮತ್ತು ಎರಡು ಜಗಳ ಬೇಕಾದವು.

ಆಗ ನಾವು ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿದ್ದೆವು. ಎರಡು ಸಾವಿರದ ಇಸವಿ ದಾಟಿ ಎರಡೋ ಮೂರೋ ವರ್ಷವಾಗಿತ್ತು. ಡಿಜಿಟಲ್ ಕ್ಯಾಮೆರಾ ಅಂಗಡಿಯ ಗಾಜಿನೊಳಗೆ ಬಂದಿತ್ತು, ನಮ್ಮ ಮನೆಯೊಳಗೆ ಬಂದಿರಲಿಲ್ಲ. ನಾನು ಒಂದು ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಶಿಯನ್. ಗಾಜಿನ ಮೇಲಿಟ್ಟ ಜೀವಕೋಶಗಳಿಗೆ ಬಣ್ಣ ಹಾಕುವುದು, ಬಣ್ಣ ಸರಿಯಾಗಿ ಹಿಡಿದಿದೆಯೇ ಎಂದು ನೋಡುವುದು ನನ್ನ ಕೆಲಸ. ಪ್ರತಿ ಸಲವೂ ಉತ್ತರ ಮೊದಲೇ ಗೊತ್ತಿರುವ ಒಂದು ಮಾದರಿಯನ್ನು ಜೊತೆಗಿಟ್ಟು ಅದಕ್ಕೂ ಬಣ್ಣ ಹಾಕುತ್ತೇವೆ. ಅದನ್ನು ಕಂಟ್ರೋಲ್ ಎನ್ನುತ್ತೇವೆ. ಅದರ ಬಣ್ಣವೇ ತಪ್ಪಿದರೆ ಆ ದಿನದ ಯಾವುದನ್ನೂ ನಂಬುವಂತಿಲ್ಲ. ಹೀಗಾಗಿ ಬಣ್ಣದ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೇ ಇತ್ತು.

ಅಲ್ಲಿ ಆಗಸ್ಟ್ ಚಳಿಗಾಲ. ಆ ಆಗಸ್ಟ್‌ನಲ್ಲಿ ಅತ್ತಿಗೆ, ಎಂದರೆ ನನ್ನ ಗಂಡನ ಅಕ್ಕ, ಸಿಡ್ನಿಯ ಟೂಂಗಾಬಿಯಿಂದ ಒಂದು ವಾರಕ್ಕೆ ಬಂದಿದ್ದರು. ಹಿಮ ನೋಡಬೇಕೆಂದರು. ಬೆಳಿಗ್ಗೆ ಎದ್ದು ಅಕ್ಕಿತರಿಯ ಪುಂಡಿ, ಚಟ್ನಿ ಕಟ್ಟಿಕೊಂಡು, ಫ್ಲಾಸ್ಕಿಗೆ ಚಹಾ ತುಂಬಿಸಿ, ಹಿಮ ಬೀಳುವ ಲೇಕ್ ಮೌಂಟನ್ ಬೆಟ್ಟಕ್ಕೆ ಹೊರಟೆವು. ದಾರಿಯಲ್ಲಿ ಗಮ್‌ಬೂಟು ಬಾಡಿಗೆಗೆ ತೆಗೆದುಕೊಂಡೆವು. ಆರು ವರ್ಷದ ಮಗಳು ಕೆಂಪು ಟೊಪ್ಪಿ ಹಾಕಿಕೊಂಡು ಹಿಮದಲ್ಲಿ ಬೀಳುವುದೇ ಕೆಲಸ ಎನ್ನುವಂತೆ ಬೀಳುತ್ತಿದ್ದಳು. ಫೋಟೋ ತೆಗೆಯುವ ಮುಂಚೆ ಅತ್ತಿಗೆ ಬ್ಯಾಗಿನಿಂದ ಪೌಡರ್ ಡಬ್ಬಿ ತೆಗೆದು ಅವಳ ಮುಖಕ್ಕೆ ಹಚ್ಚಿದರು. ನಾನು ಬೇಡ ಎನ್ನಲಿಲ್ಲ. ನಮ್ಮ ಉಡುಪಿ ಕಡೆಯ ಸ್ಟುಡಿಯೋಗಳಲ್ಲಿ ಕನ್ನಡಿಯ ಹತ್ತಿರ ಒಂದು ಬಾಚಣಿಗೆ, ಒಂದು ಪೌಡರ್ ಡಬ್ಬಿ ಇದ್ದೇ ಇರುತ್ತಿತ್ತು. ಪೌಡರ್ ಹಚ್ಚದೆ ಕ್ಯಾಮೆರಾದ ಮುಂದೆ ಕೂರುವುದು ಚಪ್ಪಲಿ ಹಾಕಿಕೊಂಡು ದೇವರ ಕೋಣೆಗೆ ಹೋದಷ್ಟೇ ತಪ್ಪು ಎಂದು ನಾವು ತಿಳಿದಿದ್ದೆವು.

ಪ್ರಿಂಟ್ ಬಂದಾಗ ನನ್ನ ಜಂಬ ಇಳಿಯಿತು. ಹಿಮವೆಲ್ಲ ಬೂದಿ ಬಣ್ಣ. ಅದರ ನಡುವೆ ಕೆಂಪು ಟೊಪ್ಪಿ, ಟೊಪ್ಪಿಯ ಕೆಳಗೆ ಒಂದು ಕಪ್ಪು ಮಸಿ, ಮಸಿಯ ಮೇಲೆ ಪೌಡರಿನ ತೇಪೆ. ಕಣ್ಣು, ಮೂಗು ಯಾವುದೂ ಇರಲಿಲ್ಲ. ಅತ್ತಿಗೆ ಫೋಟೋ ನೋಡಿ ಬಿದ್ದು ಬಿದ್ದು ನಕ್ಕರು.

"ಹಲ್ಲೊಂದು ಕಾಣದಿದ್ರೆ ಹುಡುಗಿ ಎಲ್ಲಿದ್ದಾಳೆ ಅಂತ ಟಾರ್ಚ್ ಹಾಕಿ ಹುಡುಕ್ಬೇಕಿತ್ತು ಮಾರಾಯ್ತಿ!"

ಅವರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಮಗಳನ್ನು ಕಂಡರೆ ಪ್ರಾಣ. ಆದರೆ ಮಗಳು ಅಲ್ಲೇ ಇದ್ದಳು. ಕನ್ನಡದಲ್ಲಿ ಉತ್ತರ ಕೊಡದಿದ್ದರೂ ಅವಳಿಗೆ ಎಲ್ಲ ಅರ್ಥವಾಗುತ್ತಿತ್ತು. ಅವಳು ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, "ಇಸ್ ದಟ್ ಮಿ?" ಎಂದು ಕೇಳಿದಳು. ಅತ್ತಿಗೆ ಇನ್ನೂ ನಗುತ್ತಿದ್ದರು. ಅವಳು ಫೋಟೋವನ್ನು ಮಗುಚಿ ಮೇಜಿನ ಮೇಲಿಟ್ಟು ಆಡಲು ಹೋದಳು.

ಅತ್ತಿಗೆಗೆ ಆಮೇಲೆ ಪಾಪ ಅನಿಸಿರಬೇಕು. ವಾಪಸ್ ಹೋಗುವಾಗ ನೆಗೆಟಿವ್ ತೆಗೆದುಕೊಂಡು ಹೋದರು. ಟೂಂಗಾಬಿಯಲ್ಲಿ ಅವರಿಗೆ ಗುರುತಿನ ಒಬ್ಬ ಫೋಟೋ ಅಂಗಡಿಯವನಿದ್ದ. "ಮಗುವಿನ ಮುಖ ಬೆಳ್ಳಗೆ ಮಾಡಿ ಕೊಡು" ಎಂದು ಅವನ ತಲೆಯ ಮೇಲೆ ಕೂತು ದೊಡ್ಡದೊಂದು ಪ್ರಿಂಟ್ ಮಾಡಿಸಿ, ಫ್ರೇಮ್ ಹಾಕಿಸಿ, ಮಗಳ ಹುಟ್ಟುಹಬ್ಬಕ್ಕೆ ಕಳಿಸಿದರು. ಅದರಲ್ಲಿ ಮಗಳ ಮುಖ ಹಾಲು ಜಾಸ್ತಿಯಾದ ಚಹಾದ ಬಣ್ಣಕ್ಕೆ ಬಂದಿತ್ತು. ಕೆಂಪು ಟೊಪ್ಪಿ ಗುಲಾಬಿಯಾಗಿತ್ತು. ಹಿಮ ಇರಲೇ ಇಲ್ಲ; ಹಿಂದೆ ಬರೀ ಖಾಲಿ ಕಾಗದವಿತ್ತು. ಸಂಜೆ ಫೋನ್ ಮಾಡಿ, "ಈಗ ನೋಡು, ಎಷ್ಟು ಲಕ್ಷಣ!" ಎಂದರು.

ಮಗಳು ಆ ಫ್ರೇಮಿನ ಮುಂದೆ ಸ್ವಲ್ಪ ಹೊತ್ತು ನಿಂತಳು. "ಹೂ ಇಸ್ ದಟ್?" ಎಂದು ಕೇಳಿದಳು. ತಮಾಷೆಗೆ ಕೇಳಿದ್ದಲ್ಲ.

ಅದಾದ ಮೇಲೆ ನಾನು ಕ್ಯಾಮೆರಾ ಎತ್ತಿದರೆ ಸಾಕು, ಅವಳು ಸೋಫಾದ ಹಿಂದೆ ಅಡಗುತ್ತಿದ್ದಳು. ಶಾಲೆಯ ಗ್ರೂಪ್ ಫೋಟೋ ದಿನ ಹೊಟ್ಟೆನೋವು ಎಂದಳು. ಮನೆಯಲ್ಲೇ ಉಳಿದು ಎರಡು ದೋಸೆ ತಿಂದಳು. ಹೊಟ್ಟೆ ಚೆನ್ನಾಗಿಯೇ ಇತ್ತು. ಅವಳು ತಟ್ಟೆ ತೊಳೆಯಲು ಇಡುತ್ತಿದ್ದಾಗ ನಾನು ನಿಶ್ಚಯ ಮಾಡಿದೆ. ಬರುವ ಚಳಿಗಾಲದಲ್ಲಿ ಅದೇ ಜಾಗಕ್ಕೆ ಹೋಗಿ ಒಂದೇ ಒಂದು ಫೋಟೋ ತೆಗೆಯಬೇಕು. ಅದರಲ್ಲಿ ಹಿಮ ಹಿಮದ ಬಣ್ಣದಲ್ಲಿರಬೇಕು, ಮಗಳು ಮಗಳ ಬಣ್ಣದಲ್ಲಿರಬೇಕು. ಕಪ್ಪು ಮಸಿಯೂ ಬೇಡ, ಹಾಲು ಚಹಾವೂ ಬೇಡ.

ನನಗೆ ಯಾಕೆ ಇಷ್ಟು ಸಿಟ್ಟು ಬಂತೆಂದು ಗಂಡನಿಗೆ ಅರ್ಥವಾಗಲಿಲ್ಲ. ಅವರು ಬೆಳ್ಳಗಿನವರು. ನನ್ನ ಮದುವೆಗೆ ಮುಂಚೆ ಅಪ್ಪ ಅಮ್ಮ ಉಡುಪಿಯ ಸ್ಟುಡಿಯೋದಲ್ಲಿ ನನ್ನದೊಂದು ಫೋಟೋ ತೆಗೆಸಿದ್ದರು. ಪೌಡರ್ ಸಾಲದೆಂದು ಸ್ಟುಡಿಯೋದವರು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ನನ್ನನ್ನು ಇನ್ನಷ್ಟು ಬೆಳ್ಳಗೆ ಮಾಡಿಕೊಟ್ಟಿದ್ದರು. ಹೆಣ್ಣು ನೋಡಲು ಬಂದ ದಿನ ಗಂಡಿನ ಕಡೆಯವರ ಕಣ್ಣು ನನ್ನ ಮುಖದಿಂದ ಆ ಫೋಟೋಕ್ಕೆ, ಫೋಟೋದಿಂದ ಮುಖಕ್ಕೆ ಎರಡು ಸಲ ಹೋಗಿ ಬಂತು. ಅವರು ಒಪ್ಪಿದರು, ಮದುವೆಯಾಯಿತು, ನಾನು ಸುಖವಾಗಿಯೇ ಇದ್ದೇನೆ. ಆದರೆ ಆ ಎರಡು ಸಲವನ್ನು ಮಾತ್ರ ಮರೆತಿಲ್ಲ.

ಬಾಕ್ಸ್ ಹಿಲ್ ಲೈಬ್ರರಿಯಿಂದ ಫೋಟೋಗ್ರಫಿ ಪುಸ್ತಕ ತಂದೆ. ಕ್ಯಾಮೆರಾದೊಳಗಿನ, ಬೆಳಕು ಅಳೆಯುವ ಮೀಟರ್ ಜಗತ್ತೆಲ್ಲ ನಡುಬೂದು ಬಣ್ಣದ್ದು ಎಂದೇ ಲೆಕ್ಕ ಹಾಕುತ್ತದಂತೆ. ಬಿಳಿ ತೋರಿಸಿದರೆ, ಬೆಳಕು ಜಾಸ್ತಿಯಾಯಿತೆಂದು ತಿಳಿದು ಕತ್ತಲೆ ಮಾಡಿ ಬೂದು ಮಾಡುತ್ತದೆ. ಕಪ್ಪು ತೋರಿಸಿದರೆ ಬೆಳಗಿಸಿ ಅದನ್ನೂ ಬೂದು ಮಾಡುತ್ತದೆ. ಹಿಮದ ಎದುರು ನಿಂತ ಕಂದು ಮುಖದ ಮಗು ಹಿಮದ ಜೊತೆಗೆ ತಾನೂ ಕತ್ತಲೆಗೆ ಹೋಗುತ್ತದೆ. ಉಪಾಯ ಸುಲಭವೆಂದು ಪುಸ್ತಕ ಹೇಳಿತ್ತು: ಮೀಟರ್ ಹೇಳಿದ್ದಕ್ಕಿಂತ ಒಂದೂವರೆ, ಎರಡು ಸ್ಟಾಪ್ ಹೆಚ್ಚು ಬೆಳಕು ಕೊಡಿ. ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು.

ಮೆಲ್ಬರ್ನ್ ಪೇಟೆಯಲ್ಲಿ ಹಿಮ ಎಲ್ಲಿ ಬೀಳುತ್ತದೆ? ಹಿತ್ತಲಿನ ಬಟ್ಟೆ ಒಣಗಿಸುವ ಹಗ್ಗಕ್ಕೆ ಗಂಡನ ಬಿಳಿ ಪಂಚೆ ಕಟ್ಟಿ, ಅದರ ಮುಂದೆ ಸ್ಟೂಲಿನ ಮೇಲೆ ಒಂದು ತೆಂಗಿನಕಾಯಿ ಇಟ್ಟೆ. ಮಗಳು ನಿಲ್ಲುವುದಿಲ್ಲವಲ್ಲ, ತೆಂಗಿನಕಾಯಿ ನಿಲ್ಲುತ್ತದೆ. ಬಣ್ಣವೂ ಹತ್ತಿರವೇ ಎಂದು ಮನಸ್ಸಿನಲ್ಲೇ ನಕ್ಕೆ. ಮೀಟರ್ ಹೇಳಿದಂತೆ ಒಂದು ಫೋಟೋ, ಒಂದು ಸ್ಟಾಪ್ ಹೆಚ್ಚಿಗೆ ಕೊಟ್ಟು ಒಂದು, ಒಂದೂವರೆ ಕೊಟ್ಟು ಒಂದು, ಎರಡು ಕೊಟ್ಟು ಒಂದು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಪಕ್ಕದ ಮನೆಯ ಅಜ್ಜಿ ಬೇಲಿಯ ಮೇಲಿಂದ ನೋಡಿ, ಇದು ನಿಮ್ಮ ಹಬ್ಬವೋ ಎಂದು ಕೇಳಿದರು. ಹೌದು ಎಂದೆ.

ಪ್ರಿಂಟ್ ಬಂತು. ನಾಲ್ಕೂ ಒಂದೇ ತರಹದ ಬೂದು. ನೋಟ್‌ಬುಕ್ ನೋಡಿದೆ, ಕ್ಯಾಮೆರಾ ನೋಡಿದೆ, ಇನ್ನೊಂದು ರೋಲ್ ಮುಗಿಸಿದೆ. ಮತ್ತೆ ಬೂದು. ಆರು ರೋಲ್ ಆದ ಮೇಲೆ ಗಂಡ, "ಪಂಚೆಯೇ ಕೊಳೆಯಾಗಿರ್ಬಹುದು" ಎಂದರು. ಅವತ್ತು ಅವರಿಗೆ ಒಳ್ಳೆಯ ಊಟ ಸಿಗಲಿಲ್ಲ.

ಪ್ರಿಂಟ್ ಹಾಕುವ ಅಂಗಡಿ ನಮ್ಮ ರೈಲು ಸ್ಟೇಷನ್‌ನ ಹತ್ತಿರವೇ ಇತ್ತು. ಮಲೇಷ್ಯಾದಿಂದ ಬಂದ ಚೀನೀ ಹಿರಿಯರೊಬ್ಬರು ಅದನ್ನು ಒಬ್ಬರೇ ನಡೆಸುತ್ತಿದ್ದರು. ನಾನು ಪ್ರಿಂಟುಗಳನ್ನು ಕೌಂಟರಿನ ಮೇಲೆ ಹರಡಿ, ನೋಟ್‌ಬುಕ್ ತೆರೆದು, ಇಂಗ್ಲಿಷ್‌ನಲ್ಲಿ ಜಗಳಕ್ಕೆ ನಿಂತೆ. ನಾನು ನಾಲ್ಕು ಬೇರೆ ಬೇರೆ ಬೆಳಕು ಕೊಟ್ಟಿದ್ದೇನೆ, ನೀವು ನಾಲ್ಕನ್ನೂ ಒಂದೇ ಮಾಡಿದ್ದೀರಿ ಎಂದೆ. ಅವರು ಕನ್ನಡಕ ಏರಿಸಿ ನೋಡಿ, ನಿಧಾನವಾಗಿ ಹೇಳಿದರು: "ಹೌದು, ನಾನೇ ಮಾಡಿದ್ದು. ನೀವು ಜಾಸ್ತಿ ಬೆಳಕು ಕೊಟ್ಟು ತಪ್ಪು ಮಾಡಿದ್ದೀರಿ ಎಂದು ಮೆಷಿನ್ ತಿಳಿದುಕೊಂಡಿತು. ತಿದ್ದಿ ಕೊಟ್ಟಿತು. ಮೆಷಿನ್‌ಗೂ ಬಿಳಿ ಇಷ್ಟವಿಲ್ಲ."

ಎಂದರೆ ಒಂದು ಬೂದು ಕ್ಯಾಮೆರಾದಲ್ಲಿ ಕೂತಿತ್ತು, ಇನ್ನೊಂದು ಬೂದು ಅಂಗಡಿಯಲ್ಲಿ. ಮೊದಲನೆಯದನ್ನು ನಾನು ಗೆದ್ದರೂ ಎರಡನೆಯದು ನನ್ನನ್ನು ಸೋಲಿಸುತ್ತಿತ್ತು. ಅವರು ನನ್ನನ್ನು ಕೌಂಟರಿನ ಒಳಗೆ ಕರೆದು, ಮೆಷಿನ್‌ನ ಬಟನ್‌ಗಳನ್ನು ತೋರಿಸಿ, ಅದೇ ನೆಗೆಟಿವ್‌ನಿಂದ ಇನ್ನೊಂದು ಪ್ರಿಂಟ್ ತೆಗೆದರು. ಪಂಚೆ ಬೆಳ್ಳಗಾಯಿತು, ಅದರ ನೂಲು ಕಾಣಿಸಿತು, ತೆಂಗಿನಕಾಯಿಯ ನಾರು ಕಾಣಿಸಿತು. ನನಗೆ ಕಣ್ಣು ತುಂಬಿ ಬಂತು. ತೆಂಗಿನಕಾಯಿ ನೋಡಿ ಅಳುವ ಗಿರಾಕಿಯನ್ನು ಅವರು ಅದೇ ಮೊದಲು ನೋಡಿದ್ದಿರಬೇಕು.

ಯಾಕಾಗಿ ಇಷ್ಟೆಲ್ಲ ಎಂದು ಕೇಳಿದರು. ಮಗಳ ಕಥೆ ಹೇಳಿದೆ. ಅವರು, "ಮಕ್ಕಳನ್ನು ಬೆಳ್ಳಗೆ ಮಾಡಿ ಎಂದು ಕೇಳುವವರು ದಿನಾ ಬರುತ್ತಾರೆ. ಇದ್ದ ಹಾಗೆ ಕೊಡಿ ಎಂದು ಕೇಳಿದವರು ನೀವೇ" ಎಂದರು. ಆಮೇಲೆ ಎರಡು ಬುದ್ಧಿ ಹೇಳಿದರು. ಸ್ಲೈಡ್ ಫಿಲ್ಮ್ ಹಾಕಿ. ಅದರಲ್ಲಿ ಫಿಲ್ಮೇ ಫೋಟೋ; ಪ್ರಿಂಟ್ ಇಲ್ಲ, ತಿದ್ದುವ ಮೆಷಿನ್ ಇಲ್ಲ, ಸರಿಯೋ ತಪ್ಪೋ ಎಲ್ಲ ನಿಮ್ಮದೇ. ಎರಡನೆಯದು, ಹಿಮವನ್ನು ಅಳೆಯಬೇಡಿ, ಅಂಗೈಯನ್ನು ಅಳೆಯಿರಿ. ಮುಖದ ಮೇಲೆ ಬೀಳುವ ಬೆಳಕಿನಲ್ಲೇ ಅಂಗೈ ಹಿಡಿದು, ಮೀಟರ್ ಹೇಳಿದ್ದಕ್ಕೆ ಒಂದು ಸ್ಟಾಪ್ ಸೇರಿಸಿ.

"ಯಾರ ಅಂಗೈ? ನನ್ನದೋ, ನಿಮ್ಮದೋ?" ಎಂದೆ.

ಅವರು ನಕ್ಕು, ಗಾಜಿನ ಕೌಂಟರಿನ ಮೇಲೆ ತಮ್ಮ ಕೈಯನ್ನು ಅಂಗಾತ ಇಟ್ಟರು. ನಾನು ನನ್ನದನ್ನು ಪಕ್ಕದಲ್ಲಿಟ್ಟೆ. ಕೈಯ ಹಿಂಭಾಗದಲ್ಲಿ ನನಗೂ ಅವರಿಗೂ ಅಜಗಜಾಂತರ. ಅಂಗೈಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇ ಇರಲಿಲ್ಲ.

ನನ್ನ ಅಮ್ಮ ಊರಲ್ಲಿ ಬೆಳಿಗ್ಗೆ ಎದ್ದ ಕೂಡಲೇ, ಹಾಸಿಗೆಯಲ್ಲೇ ಕೂತು, ಎರಡೂ ಅಂಗೈ ನೋಡಿಕೊಂಡು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ನಮಗೂ ಕಲಿಸಿದ್ದಳು. ಹೀಗೆ ಮೂವತ್ತು ವರ್ಷ ದಿನಾ ನೋಡಿದ ಅಂಗೈ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಬಣ್ಣದ್ದು ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಲ್ಯಾಬಿನಲ್ಲಿ ನಾನು ಜೊತೆಗಿಡುವಂಥ ಕಂಟ್ರೋಲ್ ನನ್ನ ಕೈಯಲ್ಲೇ ಇತ್ತು.

ಮುಂದಿನ ಆಗಸ್ಟ್‌ನಲ್ಲಿ ಅತ್ತಿಗೆ ಮತ್ತೆ ಬಂದರು. ಮತ್ತೆ ಪುಂಡಿ, ಮತ್ತೆ ಗಮ್‌ಬೂಟು, ಅದೇ ಲೇಕ್ ಮೌಂಟನ್. ಕ್ಯಾಮೆರಾದಲ್ಲಿ ಮೂವತ್ತಾರು ಫೋಟೋದ ಸ್ಲೈಡ್ ಫಿಲ್ಮ್. ಮಗಳು ಕಾರಿನಿಂದ ಇಳಿಯುವ ಮುಂಚೆಯೇ, "ನೋ ಫೋಟೋಸ್" ಎಂದು ಕರಾರು ಹಾಕಿದಳು. ಆಯಿತು ಎಂದೆ. ಬೆಳಿಗ್ಗೆಯೆಲ್ಲ ಮರ, ಬೇಲಿ, ಹೆಜ್ಜೆ ಗುರುತು ಇವುಗಳನ್ನೇ ತೆಗೆದೆ. ನೆರಳಿನಲ್ಲಿದ್ದ ಹಿಮ ನೀಲಿಯಾಗಿತ್ತು. ಮೇಲಿನ ಆಕಾಶದ ನೀಲಿಯೇ ಅಲ್ಲಿ ಬೀಳುವುದರಿಂದ ಅದು ಹಾಗಿರುವುದೇ ಸರಿ, ಮುಖವನ್ನು ಮಾತ್ರ ಅಲ್ಲಿ ಇಡಬೇಡಿ ಎಂದು ಅಂಗಡಿಯವರು ಹೇಳಿದ್ದರು. ಹಾಗಾಗಿ ಮೋಡ ಸರಿದು, ಬಿಸಿಲು ಪಕ್ಕದಿಂದ ಬೀಳುವ ಒಂದು ಜಾಗ ಹುಡುಕಿ ಕಾದೆ. ಎದುರಿಗೆ ಸುಲಿದ ತೊಗಟೆಯ ಗಮ್ ಮರವೊಂದಿತ್ತು, ನಮ್ಮ ನೀಲಗಿರಿಯ ಜಾತಿಯದು. ಕಾಲಬೆರಳು ಮರಗಟ್ಟಿದ್ದವು. ಅಲ್ಲಾಡಲಿಲ್ಲ.

ಆಮೇಲೆ ಮಗಳನ್ನು ಕರೆದೆ. "ಫೋಟೋ ಬೇಡ. ನಿನ್ನ ಕೈ ಮಾತ್ರ ಬೇಕು. ಅಳತೆ ಮಾಡ್ಲಿಕ್ಕೆ."

"ವೈ ಮೈ ಹ್ಯಾಂಡ್?"

"ನನ್ನ ಕೈಯಲ್ಲಿ ಕ್ಯಾಮೆರಾ ಉಂಟಲ್ಲ."

ಅವಳು ಗ್ಲೌಸ್ ತೆಗೆದು ಅಂಗೈಯನ್ನು ಬಿಸಿಲಿಗೆ ಹಿಡಿದಳು. ಕಣ್ಣಲ್ಲಿ ಅನುಮಾನವಿತ್ತು, ಕುತೂಹಲವೂ ಇತ್ತು. ಮೀಟರ್ ಇನ್ನೂರೈವತ್ತು ಎಂದಿತು. ಸೆಕೆಂಡಿನ ಇನ್ನೂರೈವತ್ತನೇ ಒಂದು ಭಾಗ. ಒಂದು ಸ್ಟಾಪ್ ಸೇರಿಸಿ ನೂರಿಪ್ಪತ್ತೈದಕ್ಕೆ ತಿರುಗಿಸಿದೆ. ಅವಳಿಗೂ ಬಗ್ಗಿ ತೋರಿಸಿದೆ. ಅದೇ ಮೀಟರನ್ನು ಬರೀ ಹಿಮಕ್ಕೆ ಹಿಡಿದಾಗ ಅದು ಗಾಬರಿಯಾಗಿ ಐನೂರು ದಾಟಿದ್ದನ್ನೂ ತೋರಿಸಿದೆ. "ಇಟ್ಸ್ ಸ್ಕೇರ್ಡ್ ಆಫ್ ವೈಟ್" ಎಂದು ಅವಳು ನಕ್ಕಳು. ನೀನು ಹೋಗಿ ಆ ಮರದ ಹತ್ತಿರ ನಿಂತರೆ ಅದು ಹೆದರದ ಹಾಗೆ ನೋಡಿಕೊಳ್ಳುತ್ತೇನೆ ಎಂದೆ. ಅವಳು ನನ್ನ ಮುಖ ನೋಡಿದಳು, ಮರ ನೋಡಿದಳು, ಹೋದಳು.

ಆಗ ಅತ್ತಿಗೆ ಬಂದರು, ಕೈಯಲ್ಲಿ ಪೌಡರ್ ಡಬ್ಬಿ. "ನಿಲ್ಲು ನಿಲ್ಲು, ಮಗುವಿಗೆ ಸ್ವಲ್ಪ ಹಚ್ಚಿ ಕೊಡ್ತೇನೆ. ಹೋದ ಸಲದ ಹಾಗೆ ಆಗುದು ಬೇಡ."

"ಬೇಡ ಅತ್ತಿಗೆ."

"ಎಂತ ಬೇಡ? ಸ್ವಲ್ಪ ಮಾರಾಯ್ತಿ."

"ಬೇಡ ಅಂದೆನಲ್ಲ!" ನನ್ನ ದನಿ ಎಷ್ಟು ಜೋರಾಯಿತೆಂದರೆ ಹಿಮದ ಮೇಲೆ ಜಾರುತ್ತಿದ್ದ ಒಂದು ಕುಟುಂಬ ತಿರುಗಿ ನೋಡಿತು. "ಹೋದ ಸಲ ತಪ್ಪಿದ್ದು ಅವಳ ಮುಖ ಅಲ್ಲ, ನನ್ನ ಅಳತೆ. ನಿಮ್ಮ ಗ್ಲೌಸ್ ತೆಗೀರಿ."

ಅತ್ತಿಗೆ ಬೆಪ್ಪಾಗಿ ಗ್ಲೌಸ್ ತೆಗೆದರು. ಅವರ ಅಂಗೈಯ ಪಕ್ಕ ನನ್ನದನ್ನಿಟ್ಟೆ. ಮಗಳು ಮರದ ಹತ್ತಿರದಿಂದ ಓಡಿ ಬಂದು ತನ್ನದನ್ನೂ ಮಧ್ಯದಲ್ಲಿ ತೂರಿಸಿದಳು. ಮೂರು ಅಂಗೈ, ಬಿಸಿಲಿನಲ್ಲಿ, ಚಳಿಗೆ ಕೆಂಪಾಗಿ, ಹೆಚ್ಚುಕಡಿಮೆ ಒಂದೇ ಬಣ್ಣ. ಅತ್ತಿಗೆ ಬಹಳ ಹೊತ್ತು ನೋಡಿದರು.

"ಹಾಗಂತ ಅಂಗೈ ತೋರಿಸಿ ಹುಡುಗಿ ಮದುವೆ ಮಾಡ್ಲಿಕ್ಕಾಗ್ತದಾ?" ಎಂದರು. ಆದರೆ ಡಬ್ಬಿಯನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದರು. ಮಗಳು ಮತ್ತೆ ಮರದ ಹತ್ತಿರ ಓಡಿದಳು, ನಾನು ಫೋಟೋ ತೆಗೆದೆ.

ಹತ್ತು ದಿನದ ಮೇಲೆ, ಅಂಗಡಿಯವರು ಬೆಳಕಿನ ಪೆಟ್ಟಿಗೆಯ ಮೇಲೆ ಸ್ಲೈಡುಗಳನ್ನು ಸಾಲಾಗಿ ಜೋಡಿಸಿ, ಮಗಳಿಗೆ ಸ್ಟೂಲ್ ಹಾಕಿ, ಭೂತಗನ್ನಡಿ ಕೊಟ್ಟರು. ಹಿಮ ಬೆಳ್ಳಗಿತ್ತು; ಬೆಳ್ಳಗಿದ್ದೂ ಅದರ ಹರಳು ಹರಳು ಕಾಣುತ್ತಿತ್ತು. ನೆರಳು ನೀಲಿ, ಟೊಪ್ಪಿ ಕೆಂಪು. ಟೊಪ್ಪಿಯ ಕೆಳಗೆ, ಕೆಳಗಿನ ಹಿಮದಿಂದ ಚಿಮ್ಮಿದ ಬೆಳಕಿನಲ್ಲಿ, ನನ್ನ ಮಗಳ ಮುಖ, ಅದರದೇ ಗಟ್ಟಿ ಕಂದು ಬಣ್ಣದಲ್ಲಿ, ನಗುವಿನ ಗುಳಿಯ ಸಮೇತ ಇತ್ತು. ಅವಳು ಕಣ್ಣು ಕೀಲಿಸಿ ನೋಡಿದಳು. "ದಟ್ಸ್ ಮಿ" ಎಂದಳು. ಅಂಗಡಿಯವರು ನನ್ನ ಕೈ ಕುಲುಕಿದರು. ಗೆದ್ದೆ ಎಂದುಕೊಂಡೆ.

ಆದರೆ ಮಗಳು ಅಷ್ಟಕ್ಕೆ ಬಿಡಲಿಲ್ಲ. ಮೂವತ್ತಾರನ್ನೂ ಒಂದೊಂದಾಗಿ ನೋಡಿ, "ವೇರ್ ಆರ್ ಯು?" ಎಂದಳು. ನಾನೇ ತೆಗೆದದ್ದಲ್ಲವಾ, ನಾನು ಹೇಗೆ ಇರುತ್ತೇನೆ ಎಂದೆ. ಮನೆಗೆ ಬಂದವಳೇ ಆಲ್ಬಮ್‌ಗಳನ್ನೆಲ್ಲ ಕಾರ್ಪೆಟ್ ಮೇಲೆ ಹರಡಿದಳು. ಅವಳು ಹುಟ್ಟಿದ ಮೇಲಿನ ಯಾವ ಫೋಟೋದಲ್ಲೂ ನಾನಿರಲಿಲ್ಲ. ಇವಳಿಗೆ ಫೋಟೋ ತೆಗೆಯುವ ಹುಚ್ಚು ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹಾಗೇ ನಂಬಿದ್ದೆ. ಕೊನೆಗೆ ಅವಳಿಗೆ ಉಡುಪಿಯ ಆ ಸ್ಟುಡಿಯೋ ಫೋಟೋ ಸಿಕ್ಕಿತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದಳು.

"ಹೂ ಇಸ್ ದಟ್?"

ನಾನು ಎದ್ದೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಹಿಮ ಇನ್ನೂ ಎರಡು ವಾರ ಇರುತ್ತದೆಂದು ರೇಡಿಯೋದಲ್ಲಿ ಹೇಳಿದ್ದರು. ಆ ಶನಿವಾರ ಮತ್ತೆ ಹೊರಟೆವು, ನಾವು ಮೂವರೇ. ಗಂಡ ಕಾರು ಬಿಟ್ಟರು. ಮೇಲೆ ತಲುಪಿ, ಅವರಿಬ್ಬರು ಇಳಿದ ಮೇಲೆ, ನಾನು ಕಾರಿನ ಕನ್ನಡಿಯಲ್ಲಿ ತಲೆ ಸರಿ ಮಾಡಿಕೊಂಡೆ. ಮರದ ಹತ್ತಿರ ನಿಂತೆ. ಮಗಳು ಕ್ಯಾಮೆರಾ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು, ತನ್ನ ಅಂಗೈಯನ್ನು ಲೆನ್ಸಿನ ಮುಂದೆ ಹಿಡಿದು, "ಟೂ ಫಿಫ್ಟಿ. ಸೋ ಒನ್ ಟ್ವೆಂಟಿಫೈವ್" ಎಂದು ತಿರುಗಿಸಿ, ಕ್ಯಾಮೆರಾವನ್ನು ಕಣ್ಣಿಗಿಟ್ಟಳು. ಮತ್ತೆ ಇಳಿಸಿದಳು.

"ಅಮ್ಮಾ, ವಾಟ್ಸ್ ದಟ್ ಆನ್ ಯುವರ್ ಫೇಸ್?"

ಮುಟ್ಟಿ ನೋಡಿಕೊಂಡೆ. ಬೆರಳಿಗೆ ಬಿಳಿ ಹತ್ತಿತು. ಕನ್ನಡಿಯ ಮುಂದೆ ತಲೆ ಮಾತ್ರ ಸರಿ ಮಾಡಿಕೊಂಡೆ ಎಂದು ನಾನು ತಿಳಿದಿದ್ದೆ. ಕೈ ತಾನಾಗಿಯೇ ಪರ್ಸಿನಲ್ಲಿದ್ದ ಪೌಡರ್ ಡಬ್ಬಿಗೆ ಹೋಗಿತ್ತು. ಅತ್ತಿಗೆಯ ಮೇಲೆ ಇದೇ ಮರದಡಿ ಕೂಗಾಡಿದವಳು ನಾನೇ. ನಾಚಿಕೆಯಲ್ಲಿ ಮುಖ ಬಿಸಿಯಾಯಿತು. ಬಗ್ಗಿ ಒಂದು ಬೊಗಸೆ ಹಿಮ ಎತ್ತಿ ಮುಖಕ್ಕೆ ತಿಕ್ಕಿಕೊಂಡೆ. ಉರಿಯಿತು. ಇನ್ನೊಂದು ಬೊಗಸೆ ತಿಕ್ಕಿದೆ, ಹಣೆ, ಕೆನ್ನೆ, ಕೊರಳು, ಬೆರಳಿಗೆ ಬಿಳಿ ಹತ್ತುವುದು ನಿಲ್ಲುವ ತನಕ. ಗಂಡ ಕರವಸ್ತ್ರ ಹಿಡಿದು ಓಡಿಬಂದರು, ಬೇಡ ಎಂದೆ. ನೆಟ್ಟಗೆ ನಿಂತು ಲೆನ್ಸನ್ನೇ ನೋಡಿದೆ.

ಆ ಸ್ಲೈಡ್ ಈಗಲೂ ನನ್ನ ಹತ್ತಿರ ಇದೆ. ಫೋಟೋ ವಾರೆಯಾಗಿದೆ, ಗಮ್ ಮರ ನನ್ನ ತಲೆಯಿಂದಲೇ ಬೆಳೆದಂತಿದೆ, ಗಲ್ಲದಿಂದ ನೀರು ತೊಟ್ಟಿಕ್ಕುತ್ತಿದೆ. ಹಿಮ ಬೆಳ್ಳಗಿದೆ, ನಾನು ಕಪ್ಪಗಿದ್ದೇನೆ, ಎರಡೂ ಸರಿಯಾಗಿವೆ. ಅದರ ರಟ್ಟಿನ ಚೌಕಟ್ಟಿನ ಮೇಲೆ ಮಗಳು ಪೆನ್ಸಿಲ್‌ನಲ್ಲಿ, ಸೊಟ್ಟ ಇಂಗ್ಲಿಷ್ ಅಕ್ಷರಗಳಲ್ಲಿ, ಯಾರೂ ಹೇಳಿಕೊಡದೆ ಬರೆದಿದ್ದಾಳೆ: "ಮೈ ಮಮ್. ನೋ ಪೌಡರ್."